ಇಪ್ಪತ್ತೊಂದು ಗಾಯ, ಒಂದೂ ಕಾಗದದಲ್ಲಿಲ್ಲ: ಅಮೆರಿಕದ ಕಪ್ಪು ಸೈನಿಕರಿಗೆ ನ್ಯಾಯ ಯಾಕಿಷ್ಟು ತಡ

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಫೋರ್ಟ್ ಪೋಲ್ಕ್ ಅಂತ ಒಂದು ದೊಡ್ಡ ಮಿಲಿಟರಿ ಬೇಸ್ ಇದೆ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋ ಕಡೆ ನಿಂತು ಬಡಿದಾಡಿದ ಒಬ್ಬ ಕಾನ್ಫೆಡರೇಟ್ ಜನರಲ್ ಹೆಸರನ್ನ ಅದಕ್ಕೆ ಮೊದಲು ಇಟ್ಟಿದ್ರು. 2023ರ ಜೂನ್‌ನಲ್ಲಿ ಆ ಹೆಸರು ತೆಗೆದು ಹೆನ್ರಿ ಜಾನ್ಸನ್ ಅನ್ನೋ ಕಪ್ಪು ಸೈನಿಕನ ಹೆಸರಲ್ಲಿ ಫೋರ್ಟ್ ಜಾನ್ಸನ್ ಅಂತ ಇಟ್ರು. ಸರಿಯಾಗಿ ಎರಡು ವರ್ಷ ಆಯ್ತು, 2025ರ ಜೂನ್‌ನಲ್ಲಿ ಮತ್ತೆ ಫೋರ್ಟ್ ಪೋಲ್ಕ್ ಅಂತ ಮಾಡಿಬಿಟ್ರು, ಈ ಸಲ ಹೆಸರು ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಬೇರೆ ಒಬ್ಬ ಪೋಲ್ಕ್‌ದು ಅಂತ ಹೇಳಿದ್ರು. ವರ್ಜೀನಿಯಾದ ಫೋರ್ಟ್ ಲೀ ಕಥೇನೂ ಹಂಗೇ. ಅದಕ್ಕೆ ಆರ್ಥರ್ ಗ್ರೆಗ್ ಮತ್ತೆ ಚ್ಯಾರಿಟಿ ಆಡಮ್ಸ್ ಅನ್ನೋ ಇಬ್ಬರು ಕಪ್ಪು ಅಧಿಕಾರಿಗಳ ಹೆಸರಿಟ್ಟಿದ್ರು. ಆಡಮ್ಸ್ ಅಂದ್ರೆ 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 855 ಹೆಣ್ಮಕ್ಕಳ ಬೆಟಾಲಿಯನ್ ಕಟ್ಕೊಂಡು, ಗುಡ್ಡದ ಹಾಗೆ ಬಿದ್ದಿದ್ದ ಸುಮಾರು 1.7 ಕೋಟಿ ಕಾಗದಗಳನ್ನ ಆರು ತಿಂಗಳ ಬದ್ಲು ಮೂರೇ ತಿಂಗಳಲ್ಲಿ ಸೈನಿಕರಿಗೆ ತಲುಪಿಸಿದವರು. ಅವರ ಹೆಸರೂ ಹೋಯ್ತು, ಮತ್ತೆ ಫೋರ್ಟ್ ಲೀ ಬಂತು, ಈಗ ಅದು ಫಿಟ್ಜ್ ಲೀ ಅನ್ನೋ ಸೈನಿಕನ ಹೆಸರಂತೆ. ಫಿಟ್ಜ್ ಲೀ ಕೂಡ ಕಪ್ಪು ಸೈನಿಕನೇ, 1898ರಲ್ಲಿ ಕ್ಯೂಬಾದಲ್ಲಿ ಗಾಯಗೊಂಡವರನ್ನ ಕಾಪಾಡಿ ಮೆಡಲ್ ಆಫ್ ಆನರ್ (ಅಮೆರಿಕ ಸೈನ್ಯದ ಅತೀ ದೊಡ್ಡ ಶೌರ್ಯ ಪದಕ) ಪಡೆದವನು, ಆತನಿಗೆ ಗೌರವ ಸಿಗೋದು ಬೇಡ ಅಂತ ಯಾರೂ ಅನ್ನಲ್ಲ. ಆದ್ರೆ ಆತನನ್ನ ಆರಿಸಿದ್ದು ಸಾಹಸ ನೋಡಿ ಅಲ್ಲ, ಸರ್‌ನೇಮ್ ಹೊಂದುತ್ತೆ ಅಂತ. ಸತ್ತವನ ಹೆಸರನ್ನ ಹೀಗೆ ಬಳಸ್ಕೊಳ್ಳೋದು ನನಗಂತೂ ತುಂಬಾ ನೋವಿನ ವಿಷಯ.

ಈ ಬೋರ್ಡ್ ಬದಲಾವಣೆಯನ್ನ ಬರೀ ರಾಜಕೀಯ ಅಂತ ನೋಡಿದ್ರೆ ಅರ್ಧ ಮಾತ್ರ ಅರ್ಥ ಆಗುತ್ತೆ. ಹೆನ್ರಿ ಜಾನ್ಸನ್ ಕಥೆ ಸ್ವಲ್ಪ ಹತ್ತಿರದಿಂದ ನೋಡಿ.

ನ್ಯೂಯಾರ್ಕ್ ರಾಜ್ಯದ ಆಲ್ಬನಿ ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಲಗೇಜ್ ಹೊರ್ತಿದ್ದ ಸಣ್ಣ ಆಳು ಆತ. 1917ರಲ್ಲಿ ಸೈನ್ಯ ಸೇರ್ದ. ಆ ಪಡೆ ಆಮೇಲೆ 369ನೇ ಇನ್‌ಫೆಂಟ್ರಿ ಅಂತ ಆಯ್ತು, ಹಾರ್ಲೆಮ್ ಹೆಲ್‌ಫೈಟರ್ಸ್ ಅಂತ ಜನ ಕರೆಯೋದು ಇವರನ್ನೇ. ಕಪ್ಪು ಸೈನಿಕರನ್ನ ಬಿಳಿಯರ ಪಕ್ಕದಲ್ಲಿ ನಿಲ್ಲಿಸಿ ಯುದ್ಧ ಮಾಡ್ಸೋಕೆ ಅಮೆರಿಕದ ಸೈನ್ಯಕ್ಕೆ ಮನಸ್ಸಿರ್ಲಿಲ್ಲ, ಅದಕ್ಕೆ ಈ ರೆಜಿಮೆಂಟನ್ನ ಫ್ರಾನ್ಸ್ ಸೈನ್ಯಕ್ಕೆ ಒಪ್ಪಿಸಿಬಿಟ್ರು, ಅವರು ಫ್ರೆಂಚ್ ಹೆಲ್ಮೆಟ್ ಹಾಕ್ಕೊಂಡು ಫ್ರೆಂಚ್ ಬಂದೂಕು ಹಿಡ್ಕೊಂಡು 191 ದಿನ ಮುಂಚೂಣಿಯಲ್ಲಿ ಇದ್ರು. 1918ರ ಮೇ 15ರ ರಾತ್ರಿ ಆರ್ಗಾನ್ ಕಾಡಿನ ಹತ್ರ ಜಾನ್ಸನ್ ಮತ್ತೆ ನೀಡಮ್ ರಾಬರ್ಟ್ಸ್ ಇಬ್ಬರೇ ಕಾವಲಿಗೆ ಇದ್ದಾಗ ಕಡಿಮೆ ಅಂದ್ರೂ ಹನ್ನೆರಡು ಜನ ಜರ್ಮನ್ನರು ಮೇಲೆ ಬಿದ್ರು. ರಾಬರ್ಟ್ಸ್ ಗಾಯಗೊಂಡು ಬಿದ್ದ. ಜಾನ್ಸನ್ ಕೈಯಲ್ಲಿದ್ದ ಗ್ರೆನೇಡ್ ಖಾಲಿ ಆಯ್ತು, ಬಂದೂಕು ಜ್ಯಾಮ್ ಆಯ್ತು, ಅದನ್ನೇ ದೊಣ್ಣೆ ಮಾಡ್ಕೊಂಡು ಬಡಿದ, ಅದೂ ಮುರಿದ ಮೇಲೆ ಸೊಂಟದಲ್ಲಿದ್ದ ಬೋಲೋ ಚಾಕು (ನಮ್ಮ ಕಡೆ ಮಚ್ಚಿನ ಥರದ್ದು) ತಗೊಂಡು ಕೈಕೈ ಹೊಡೆದಾಡಿ, ಗೆಳೆಯನನ್ನ ಎಳ್ಕೊಂಡು ಹೋಗ್ತಿದ್ದ ಜರ್ಮನ್ನರ ಕೈಯಿಂದ ಬಿಡಿಸಿದ. ಮೈಮೇಲೆ 21 ಗಾಯ.

ಫ್ರಾನ್ಸ್ ಸರ್ಕಾರ ತಕ್ಷಣ ಕ್ವಾ ದ ಗೇರ್ ಪದಕ ಕೊಡ್ತು. ವಾಪಸ್ ಬಂದಾಗ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ಆಯ್ತು, ಪೇಪರಲ್ಲಿ ಫೋಟೋ ಬಂತು, ಸೈನ್ಯ ತನ್ನ ಪ್ರಚಾರಕ್ಕೂ ಆತನ ಚಿತ್ರ ಬಳಸ್ಕೊಳ್ತು. ಆದ್ರೆ ಡಿಸ್ಚಾರ್ಜ್ ಪೇಪರಿನಲ್ಲಿ, ಅಂದ್ರೆ ಸೈನ್ಯದಿಂದ ಹೊರಗೆ ಬರುವಾಗ ಕೈಗೆ ಕೊಡೋ ಆ ಒಂದು ಹಾಳೆಯಲ್ಲಿ, ಗಾಯದ ಸುದ್ದಿನೇ ಇರ್ಲಿಲ್ಲ. ಅಷ್ಟೇ ಸಾಕಾಯ್ತು. ಗಾಯ ಅಂತ ಬರೆದಿಲ್ಲ ಅಂದ್ರೆ ಆ ಗಾಯಕ್ಕೆ ಭತ್ಯೆ ಇಲ್ಲ. ಒಂದು ಪಾದ ಜಜ್ಜಿಹೋಗಿ ಒಳಗೆ ಲೋಹದ ಪ್ಲೇಟ್ ಹಾಕಿದ್ರು, ಮತ್ತೆ ಲಗೇಜ್ ಹೊರೋ ಕೆಲಸಕ್ಕೆ ಹೋಗೋಕೆ ಆಗ್ಲಿಲ್ಲ. 1929ರಲ್ಲಿ, ಇನ್ನೂ ನಲವತ್ತು ತುಂಬೋ ಮುಂಚೆನೇ ತೀರಿಕೊಂಡ. ಎಲ್ಲೋ ಅನಾಥ ಹೆಣಗಳ ಜೊತೆ ಹೂತಿರಬೇಕು ಅಂತ ಜನ ದಶಕಗಟ್ಟಲೆ ಅಂದ್ಕೊಂಡಿದ್ರು, ನೋಡಿದ್ರೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದ ಜೊತೆಗೇ ಹೂತಿದ್ರು, ಅದು ಗೊತ್ತಾಗಿದ್ದು ಇಪ್ಪತ್ತೊಂದನೇ ಶತಮಾನ ಶುರುವಾದ ಮೇಲೆ. ಗಾಯಗೊಂಡವರಿಗೆ ಕೊಡೋ ಪರ್ಪಲ್ ಹಾರ್ಟ್ ಬಂದಿದ್ದು 1996ರಲ್ಲಿ. ಮೆಡಲ್ ಆಫ್ ಆನರ್ ಬಂದಿದ್ದು 2015ರಲ್ಲಿ, ಒಬಾಮ ಕೈಯಿಂದ. ಘಟನೆ ಆಗಿ 97 ವರ್ಷ.

ಅದಕ್ಕೂ ಮುಂಚೆ ಒಂದು ಸಲ ಅರ್ಜಿ ಹಾಕಿದಾಗ ಮೇಲಧಿಕಾರಿಗಳ ಕಡೆಯಿಂದ ಬರಬೇಕಾದ ಕಾಗದ ಇಲ್ಲ ಅಂತ ವಾಪಸ್ ಕಳಿಸಿದ್ರು. ಕೊನೆಗೆ ಸೆನೆಟರ್ ಚಕ್ ಶೂಮರ್ ಅವರ ಸಿಬ್ಬಂದಿ ಕೂತು ಹುಡುಕಿದಾಗ ಸಿಕ್ಕಿದ್ದು ಏನು ಗೊತ್ತಾ, ಆಗಿನ ಸೇನಾಪತಿ ಜನರಲ್ ಪರ್ಶಿಂಗ್ 1918ರಲ್ಲೇ ಈ ಹೋರಾಟವನ್ನ ಹೊಗಳಿ ಕಳಿಸಿದ್ದ ವರದಿ. ಅಂದ್ರೆ ಅತೀ ಮೇಲಿನವರಿಗೆ ಅವತ್ತೇ ಗೊತ್ತಿತ್ತು.

ಇಲ್ಲೇ ನನ್ನ ಮುಖ್ಯ ಮಾತು ಇರೋದು. ಈ ವಿಷಯ ಬಂದಾಗೆಲ್ಲ ‘ಇತಿಹಾಸ ಇವರನ್ನ ಮರೆತುಬಿಡ್ತು’ ಅಂತಾರೆ. ಇತಿಹಾಸ ಮರೆತಿದ್ದಲ್ಲ ಇದು. ಒಬ್ಬ ಅಧಿಕಾರಿ ಒಂದು ಫಾರ್ಮ್ ತುಂಬಲಿಲ್ಲ, ಇನ್ನೊಬ್ಬ ಶಿಫಾರಸನ್ನ ಮುಂದಕ್ಕೆ ಕಳಿಸ್ಲಿಲ್ಲ, ಮತ್ತೊಬ್ಬ ವಿಚಾರಣೆ ಇಲ್ಲದೆ ಸಹಿ ಹಾಕ್ದ. ಎಲ್ಲಾ ಕಾಗದದ ಮೇಲೆ ಆಗಿದ್ದು, ಗೊತ್ತಿದ್ದೂ ಆಗಿದ್ದು. ಆಮೇಲೆ ಮಕ್ಕಳು ಮೊಮ್ಮಕ್ಕಳು ನ್ಯಾಯ ಕೇಳೋಕೆ ಹೋದ್ರೆ ಅದೇ ಸೈನ್ಯ ‘ದಾಖಲೆ ತನ್ನಿ’ ಅಂತ ಕೇಳುತ್ತೆ.

ಪದಕದ ವ್ಯವಸ್ಥೆ ಹೇಗೆ ನಡಿಯುತ್ತೆ ನೋಡಿ. ಸೈನಿಕ ತಾನೇ ಅರ್ಜಿ ಹಾಕೋ ಹಾಗಿಲ್ಲ, ನೋಡಿದ ಅಧಿಕಾರಿ ಬರೀಬೇಕು, ಸಾಕ್ಷಿ ಹೇಳಿಕೆ ಸೇರಿಸ್ಬೇಕು, ಅದು ಮೆಟ್ಟಿಲು ಮೆಟ್ಟಿಲು ಹತ್ಕೊಂಡು ವಾಷಿಂಗ್ಟನ್ ತನಕ ಹೋಗ್ಬೇಕು, ಅದೂ ಇಂತಿಷ್ಟು ವರ್ಷದ ಒಳಗೆ. ಗಡುವು ಮುಗೀತು ಅಂದ್ರೆ ಸಂಸತ್ತೇ ಸ್ಪೆಷಲ್ಲಾಗಿ ಸಡಿಲಿಸ್ಬೇಕು. ಕಪ್ಪು ಸೈನಿಕರ ಪಡೆಗಳಲ್ಲಿ ಮೇಲಿನ ಅಧಿಕಾರಿಗಳೆಲ್ಲ ಹೆಚ್ಚುಕಮ್ಮಿ ಬಿಳಿಯರೇ, ಹಾಗಾಗಿ ಯಾವ ಮೆಟ್ಟಿಲಲ್ಲಿ ಯಾರು ಕೈ ಬಿಟ್ರೂ ಫೈಲ್ ಅಲ್ಲೇ ನಿಂತ್ಹೋಗುತ್ತೆ. ಮೊದಲ ಮಹಾಯುದ್ಧದಲ್ಲಿ ಸತ್ತ ಫ್ರೆಡ್ಡಿ ಸ್ಟವರ್ಸ್‌ಗೆ ಶಿಫಾರಸು ಬರೆದಿದ್ರು, ಅದು ‘ಎಲ್ಲೋ ಕೈತಪ್ಪಿ ಹೋಗಿತ್ತು’, ಪದಕ ಬಂದಿದ್ದು 1991ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಜನ ಯೂನಿಫಾರ್ಮ್ ಹಾಕಿದ್ರು, ನಾನೂರಕ್ಕೂ ಹೆಚ್ಚು ಮೆಡಲ್ ಆಫ್ ಆನರ್ ಹಂಚಿದ್ರು, ಅದ್ರಲ್ಲಿ ಕಪ್ಪು ಸೈನಿಕರಿಗೆ ಒಂದೂ ಇಲ್ಲ. ಒಂದೂ ಇಲ್ಲ ಅಂದ್ರೆ ಒಂದೂ ಇಲ್ಲ. 1993ರಲ್ಲಿ ಸೈನ್ಯ ನಾರ್ತ್ ಕೆರೊಲಿನಾದ ಶಾ ಯೂನಿವರ್ಸಿಟಿಗೆ ಇದನ್ನ ಅಧ್ಯಯನ ಮಾಡಿ ಅಂತ ಹೇಳ್ತು, ಅದರ ಮೇಲೆ 1997ರ ಜನವರಿ 13ಕ್ಕೆ ಕ್ಲಿಂಟನ್ ಏಳು ಜನರಿಗೆ ಪದಕ ಕೊಟ್ರು. ಏಳರಲ್ಲಿ ಜೀವಂತ ಇದ್ದಿದ್ದು ಒಬ್ಬರೇ, ವರ್ನನ್ ಬೇಕರ್. 1945ರ ಏಪ್ರಿಲ್‌ನಲ್ಲಿ ಇಟಲಿಯ ಒಂದು ಕೋಟೆಯ ಹತ್ರ ಜರ್ಮನ್ ಮೆಷಿನ್‌ಗನ್ ಗೂಡುಗಳನ್ನ ಒಂದೊಂದಾಗಿ ನಾಶ ಮಾಡಿದ ಮನುಷ್ಯ, ಕುಮಕು ತರ್ತೀನಿ ಅಂತ ಹೋದ ಬಿಳಿ ಕ್ಯಾಪ್ಟನ್ ವಾಪಸ್ ಬರ್ಲೇ ಇಲ್ಲ ಅಂತ ಆಮೇಲೆ ಅವರು ಹೇಳಿದ್ರು.

ವಿಯೆಟ್ನಾಂ ಹೊತ್ತಿಗಾದ್ರೂ ಸರಿ ಹೋಯ್ತಾ ಅಂದ್ರೆ ಅದೂ ಇಲ್ಲ. ಕ್ಯಾಪ್ಟನ್ ಪ್ಯಾರಿಸ್ ಡೇವಿಸ್, ಸ್ಪೆಷಲ್ ಫೋರ್ಸಸ್‌ನಲ್ಲಿ ಇದ್ದ ಬೆರಳೆಣಿಕೆಯ ಕಪ್ಪು ಅಧಿಕಾರಿಗಳಲ್ಲಿ ಒಬ್ಬರು. 1965ರ ಜೂನ್‌ನಲ್ಲಿ ಬೋಂಗ್ ಸೋನ್‌ನಲ್ಲಿ ತಾನೇ ಗಾಯಗೊಂಡಿದ್ರೂ, ವಾಪಸ್ ಬಾ ಅಂತ ಆರ್ಡರ್ ಬಂದ್ರೂ, ಬಿದ್ದಿದ್ದ ತನ್ನ ಹುಡುಗರನ್ನ ಬಿಟ್ಟು ಬರಲ್ಲ ಅಂತ ಅಲ್ಲೇ ನಿಂತು ಎಲ್ಲರನ್ನೂ ಹೊರಗೆ ತಂದ್ರು. ಶಿಫಾರಸು ಹೋಯ್ತು. ಕಳೆದುಹೋಯ್ತು. ಮತ್ತೆ ಕಳಿಸಿ ಅಂದ್ರು. ಅದೂ ಕಳೆದುಹೋಯ್ತು. ಕೊನೆಗೆ ಜೊತೆಗಿದ್ದವರು, ಒಂದಿಷ್ಟು ಸ್ವಯಂಸೇವಕರು ಕೂತು ಇಡೀ ಫೈಲನ್ನ ಹೊಸದಾಗಿ ಕಟ್ಟಿದ ಮೇಲೆ 2023ರ ಮಾರ್ಚ್ 3ಕ್ಕೆ ಬೈಡನ್ ಪದಕ ಹಾಕಿದ್ರು. ಆಗ ಡೇವಿಸ್‌ಗೆ 83 ವರ್ಷ. ಒಂದು ಫೈಲ್ ಒಂದು ಸಲ ಕಳೆಯೋದು ಎಲ್ಲಾ ಆಫೀಸಲ್ಲೂ ಆಗುತ್ತೆ, ಎರಡೂ ಸಲ ಒಬ್ಬರದ್ದೇ ಕಳೆದ್ರೆ ಅದನ್ನ ಆಕಸ್ಮಿಕ ಅಂತ ನಂಬೋಕೆ ನನಗೆ ಆಗಲ್ಲ.

ಇದರ ಜೊತೆಗೆ 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೇವಾ ದಾಖಲೆಗಳು ಸುಟ್ಟುಹೋದ್ವು, ಅದು ಬಿಳಿ ಸೈನಿಕರದ್ದೂ ಹೌದು, ಕಪ್ಪು ಸೈನಿಕರದ್ದೂ ಹೌದು. ಆದ್ರೆ ಬೇರೆಯವರಿಗೆ ಪದಕ, ಪತ್ರಿಕೆ ಸುದ್ದಿ, ರೆಜಿಮೆಂಟ್ ಚರಿತ್ರೆ ಅಂತ ನಾಲ್ಕು ಕಡೆ ದಾಖಲೆ ಇತ್ತು, ಇವರಿಗೆ ಇದ್ದಿದ್ದೇ ಆ ಒಂದು ಹಾಳೆ. ನಾರ್ಮಂಡಿಯ ಒಮಾಹ ಬೀಚಿನಲ್ಲಿ ತನಗೇ ಗಾಯ ಆಗಿದ್ರೂ ಮೂವತ್ತು ಗಂಟೆ ಕೂತು ಇನ್ನೂರರಷ್ಟು ಜನರಿಗೆ ಚಿಕಿತ್ಸೆ ಕೊಟ್ಟ ಮೆಡಿಕ್ ವೇವರ್ಲಿ ವುಡ್‌ಸನ್ ದಾಖಲೆ ಕೂಡ ಆ ಬೆಂಕಿಗೆ ಹೋಯ್ತು ಅಂತ ಹೇಳ್ತಾರೆ. ಆತನಿಗೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ (ಮೆಡಲ್ ಆಫ್ ಆನರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದಕ) ಸಿಕ್ಕಿದ್ದು 2024ರಲ್ಲಿ, ಸತ್ತು ಎಷ್ಟೋ ವರ್ಷ ಆದ ಮೇಲೆ.

ಪದಕ ಸಿಗ್ಲಿಲ್ಲ ಅನ್ನೋದು ಒಂದು ಥರ. ಸುಳ್ಳು ಕಳಂಕ ಹೊತ್ಕೊಂಡು ಬದುಕೋದು ಇನ್ನೊಂದು ಥರ. 1906ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನಲ್ಲಿ ರಾತ್ರಿ ಗುಂಡು ಹಾರಿ ಒಬ್ಬ ಸತ್ತ, ಊರವರು 25ನೇ ಇನ್‌ಫೆಂಟ್ರಿಯ ಕಪ್ಪು ಸೈನಿಕರ ಕಡೆ ಬೆರಳು ತೋರಿಸಿದ್ರು. ಎಲ್ಲರೂ ಬ್ಯಾರಕ್ಕಿನಲ್ಲೇ ಇದ್ರು ಅಂತ ಅವರ ಬಿಳಿ ಅಧಿಕಾರಿಗಳೇ ಹೇಳಿದ್ರೂ, ಯಾರೂ ತಪ್ಪು ಒಪ್ಕೊಳ್ತಿಲ್ಲ ಅಂದ್ರೆ ಎಲ್ಲರೂ ಸೇರಿ ಮುಚ್ಚಿಡ್ತಿದ್ದಾರೆ ಅಂತ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 167 ಜನರನ್ನ ಒಂದೇ ಏಟಿಗೆ ಮನೆಗೆ ಕಳಿಸಿದ್ರು, ಒಂದು ದಿನದ ವಿಚಾರಣೆ ಇಲ್ಲ. ಆ ಆರ್ಡರನ್ನ ನವೆಂಬರ್ ಚುನಾವಣೆ ಮುಗಿಯೋ ತನಕ ಹೊರಗೆ ಬಿಡ್ಲಿಲ್ಲ, ಯಾಕಂದ್ರೆ ಕಪ್ಪು ಜನರ ವೋಟು ಆಗ ರೂಸ್‌ವೆಲ್ಟ್ ಪಕ್ಷಕ್ಕೇ ಬೀಳ್ತಿತ್ತು. ಆ ಪಟ್ಟಿಯಲ್ಲಿ ಸಾರ್ಜೆಂಟ್ ಮಿಂಗೊ ಸ್ಯಾಂಡರ್ಸ್ ಅಂತ ಇದ್ರು, 26 ವರ್ಷ ಸರ್ವಿಸ್, ಪೆನ್ಷನ್ ಕೈಗೆ ಬರೋ ಹೊತ್ತು, ಎಲ್ಲಾ ಹೋಯ್ತು. 1972ರಲ್ಲಿ ಸೈನ್ಯ ತಪ್ಪು ಒಪ್ಕೊಂಡು ಎಲ್ಲರ ಡಿಸ್ಚಾರ್ಜನ್ನ ಗೌರವಯುತ ಅಂತ ತಿದ್ದಿತು. ಆಗ ಉಳಿದಿದ್ದವರಲ್ಲಿ ಡಾರ್ಸಿ ವಿಲ್ಲಿಸ್ ಒಬ್ಬರು, ಮಿನಿಯಾಪೊಲಿಸ್‌ನ ಒಂದು ಬ್ಯಾಂಕ್ ಬಿಲ್ಡಿಂಗಿನ ಕ್ಷೌರದಂಗಡಿಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಬೂಟು ಪಾಲಿಶ್ ಮಾಡಿ, ನೆಲ ಗುಡಿಸಿ ಜೀವನ ಮಾಡಿದ್ದ ಮುದುಕ. 25,000 ಡಾಲರ್ ಪರಿಹಾರ ಕೊಟ್ರು. ಐವತ್ತು ವರ್ಷ ಬಗ್ಗಿಕೊಂಡು ಬೂಟು ಉಜ್ಜಿದ್ದಕ್ಕೆ ಆ ದುಡ್ಡು ಲೆಕ್ಕಾನಾ ಹೇಳಿ.

ದುಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳ್ಬೇಕು, ಯಾಕಂದ್ರೆ ಪದಕಕ್ಕಿಂತ ಜಾಸ್ತಿ ಪೆಟ್ಟು ಬಿದ್ದಿದ್ದು ಅಲ್ಲೇ. 1944ರ ಜಿಐ ಬಿಲ್ ಅನ್ನೋ ಕಾನೂನು ಯುದ್ಧದಿಂದ ಬಂದ ಸೈನಿಕರಿಗೆ ಕಾಲೇಜು ಫೀಸು, ಮನೆ ಸಾಲ, ಬಿಸಿನೆಸ್ ಸಾಲ ಎಲ್ಲಾ ಕೊಡ್ತು, ಅಮೆರಿಕದ ಮಧ್ಯಮ ವರ್ಗ ಎದ್ದು ನಿಂತಿದ್ದೇ ಅದರ ಮೇಲೆ ಅಂತಾರೆ. ಕಾನೂನಿನ ಪುಸ್ತಕದಲ್ಲಿ ಕಪ್ಪು ಬಿಳಿ ಅಂತ ಎಲ್ಲೂ ಬರೆದಿರ್ಲಿಲ್ಲ. ಆದ್ರೆ ಸಾಲ ಕೊಡೋದು ಊರಿನ ಬ್ಯಾಂಕು, ಸರ್ಕಾರ ಬರೀ ಗ್ಯಾರಂಟಿ. 1947ರಲ್ಲಿ ಮಿಸಿಸಿಪ್ಪಿಯ ಹದಿಮೂರು ಊರುಗಳಲ್ಲಿ ಹೀಗೆ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಆ ಮನೆಗಳ ಬೆಲೆ ಏರ್ತಾ ಏರ್ತಾ ಮಕ್ಕಳಿಗೆ ಆಸ್ತಿ ಆಯ್ತು, ಇವರ ಮಕ್ಕಳು ಬಾಡಿಗೆ ಮನೆಯಲ್ಲೇ ಉಳಿದ್ರು. ಮೂರು ತಲೆಮಾರು ಆದ ಮೇಲೆ ತಾತನ ಫೋಟೋ ಮೇಲೆ ಪದಕ ಹಾಕಿದ್ರೆ ಈ ಲೆಕ್ಕ ಚುಕ್ತಾ ಆಗಲ್ಲ.

1946ರ ಫೆಬ್ರವರಿ 12ಕ್ಕೆ ಸಾರ್ಜೆಂಟ್ ಐಸಾಕ್ ವುಡರ್ಡ್ ಡಿಸ್ಚಾರ್ಜ್ ಆಗಿ ಕೆಲವೇ ಗಂಟೆ ಆಗಿತ್ತು, ಇನ್ನೂ ಯೂನಿಫಾರ್ಮ್ ಮೈಮೇಲಿತ್ತು, ಬಸ್ಸಿನಲ್ಲಿ ಊರಿಗೆ ಹೋಗ್ತಿದ್ರು. ಟಾಯ್ಲೆಟ್‌ಗೆ ಹೋಗ್ಬೇಕು ನಿಲ್ಸಿ ಅಂದಿದ್ದಕ್ಕೆ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೀತು, ಸೌತ್ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಪೊಲೀಸ್ ಚೀಫ್ ಲಾಠಿಯಲ್ಲಿ ಹೊಡೆದು ಎರಡೂ ಕಣ್ಣು ಕುರುಡು ಮಾಡ್ದ. ಪೂರ್ತಿ ಬಿಳಿಯರ ಜ್ಯೂರಿ ಅರ್ಧ ಗಂಟೆಯಲ್ಲಿ ಅವನನ್ನ ಬಿಟ್ಟು ಕಳಿಸ್ತು. ಈ ಸುದ್ದಿ ಕೇಳಿ ಅಧ್ಯಕ್ಷ ಟ್ರೂಮನ್ ಅಲ್ಲಾಡಿಹೋದ್ರು, 1948ರ ಜುಲೈ 26ಕ್ಕೆ ಸೈನ್ಯದಲ್ಲಿ ವರ್ಣಭೇದ ತೆಗೆಯೋ ಆದೇಶಕ್ಕೆ ಸಹಿ ಹಾಕಿದ್ರ ಹಿಂದೆ ಆ ಎರಡು ಕಣ್ಣುಗಳಿವೆ. ಅದೇ ಊರಿನ ದಾಖಲೆಯಲ್ಲಿ ಮಾತ್ರ ವುಡರ್ಡ್ ಕುಡಿದು ಗಲಾಟೆ ಮಾಡಿದ ಅಪರಾಧಿ ಅಂತಲೇ ಇತ್ತು, ಅದನ್ನ ರದ್ದು ಮಾಡಿದ್ದು 2018ರಲ್ಲಿ.

ನೌಕಾಪಡೆಯಲ್ಲಿ ಪೋರ್ಟ್ ಶಿಕಾಗೋ ಕಥೆ ಇದೆ. ಕ್ಯಾಲಿಫೋರ್ನಿಯಾದ ಈ ಬಂದರಿನಲ್ಲಿ ಹಡಗಿಗೆ ಬಾಂಬು ತುಂಬೋರೆಲ್ಲ ಕಪ್ಪು ನಾವಿಕರು, ಸರಿಯಾದ ಟ್ರೇನಿಂಗ್ ಇಲ್ಲ, ಯಾರ ತಂಡ ಬೇಗ ತುಂಬುತ್ತೆ ಅಂತ ಅಧಿಕಾರಿಗಳು ಬೆಟ್ ಕಟ್ತಿದ್ರು. 1944ರ ಜುಲೈ 17ರ ರಾತ್ರಿ ಸಿಡೀತು, 320 ಜನ ಸತ್ರು, ಅದ್ರಲ್ಲಿ 202 ಜನ ಕಪ್ಪು ನಾವಿಕರು. ಬಿಳಿ ಅಧಿಕಾರಿಗಳಿಗೆ ರಜೆ ಸಿಕ್ತು, ಬದುಕುಳಿದ ಕಪ್ಪು ಹುಡುಗರಿಗೆ ಗೆಳೆಯರ ದೇಹದ ತುಂಡು ಆರಿಸೋ ಕೆಲಸ ಸಿಕ್ತು. ಮೂರು ವಾರ ಆದ ಮೇಲೆ ಮತ್ತೆ ಬಾಂಬು ಹೊರಿ ಅಂದಾಗ 258 ಜನ ಆಗಲ್ಲ ಅಂದ್ರು, ಅದ್ರಲ್ಲಿ 50 ಜನರ ಮೇಲೆ ದಂಗೆ ಕೇಸು ಹಾಕಿದ್ರು. ಭಯ ಆಗಿದೆ ಅಂತ ಹೇಳೋದು ದಂಗೆ ಹೇಗಾಗುತ್ತೆ? ಸತ್ತವರ ಮನೆಗೆ 5,000 ಡಾಲರ್ ಕೊಡೋಣ ಅಂತ ಇದ್ದಿದ್ದನ್ನ ಮಿಸಿಸಿಪ್ಪಿಯ ಸಂಸದ ಜಾನ್ ರ್‍ಯಾಂಕಿನ್ ತಕರಾರು ತೆಗೆದ ಮೇಲೆ 3,000ಕ್ಕೆ ಇಳಿಸಿದ್ರು. ನೌಕಾಪಡೆ ಇವರನ್ನೆಲ್ಲ ದೋಷಮುಕ್ತ ಅಂತ ಘೋಷಿಸಿದ್ದು 2024ರ ಜುಲೈ 17ಕ್ಕೆ, ಸರಿಯಾಗಿ 80 ವರ್ಷಕ್ಕೆ.

ಈಗ ಹೂಸ್ಟನ್. ಇದು ಎಲ್ಲಕ್ಕಿಂತ ಕಷ್ಟದ್ದು, ಯಾಕಂದ್ರೆ ಇಲ್ಲಿ ಸೈನಿಕರ ಕೈಯಲ್ಲೂ ರಕ್ತ ಇದೆ.

1917ರ ಬೇಸಿಗೆಯಲ್ಲಿ 24ನೇ ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ ಹೂಸ್ಟನ್‌ನ ಕ್ಯಾಂಪ್ ಲೋಗನ್ ಕಾಯೋಕೆ ಬಂತು. ಊರಲ್ಲಿ ಪೊಲೀಸರು ಬೈಯೋದು, ಹೊಡೆಯೋದು, ಟ್ರಾಮಿನಲ್ಲಿ ಹಿಂದೆ ಹೋಗಿ ಕೂತ್ಕೋ ಅನ್ನೋದು ದಿನಾ ನಡೀತಿತ್ತು. ಆಗಸ್ಟ್ 23ಕ್ಕೆ ಪೊಲೀಸರು ಒಬ್ಬ ಕಪ್ಪು ಹೆಂಗಸನ್ನ ಮನೆಯಿಂದ ಎಳೆದು ತಂದಾಗ ಯಾಕೆ ಅಂತ ಕೇಳಿದ ಸೈನಿಕನಿಗೆ ಹೊಡೆದು ಒಳಗೆ ಹಾಕಿದ್ರು. ಅದನ್ನ ವಿಚಾರಿಸೋಕೆ ಹೋದ ಕಾರ್ಪೊರಲ್ ಚಾರ್ಲ್ಸ್ ಬಾಲ್ಟಿಮೋರ್‌ಗೂ ಹೊಡೆದು ಗುಂಡು ಹಾರಿಸಿದ್ರು. ಕ್ಯಾಂಪಿಗೆ ಬಂದ ಸುದ್ದಿ ಬಾಲ್ಟಿಮೋರ್ ಸತ್ತ ಅಂತ. ಸಂಜೆ ಕತ್ತಲಲ್ಲಿ ಯಾರೋ ‘ಗುಂಪು ಬರ್ತಿದೆ’ ಅಂತ ಕೂಗಿದ್ರು, ಗುಂಡಿನ ಸದ್ದಾಯ್ತು, ನೂರಕ್ಕೂ ಹೆಚ್ಚು ಜನ ಬಂದೂಕು ಹಿಡಿದು ಊರಿನ ಕಡೆ ನಡೆದ್ರು. ಹತ್ತೊಂಬತ್ತು ಜನ ಸತ್ರು, ಅದ್ರಲ್ಲಿ ಪೊಲೀಸರಿದ್ರು, ಏನೂ ತಪ್ಪು ಮಾಡದ ಊರ ಜನ ಇದ್ರು, ನಾಲ್ಕು ಜನ ಸೈನಿಕರೂ ಇದ್ರು. ಇದನ್ನ ಮುಚ್ಚಿಡೋದು ಸರಿಯಲ್ಲ, ಸತ್ತವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ರು.

ಆದ್ರೆ ಆಮೇಲೆ ನಡೆದಿದ್ದನ್ನ ವಿಚಾರಣೆ ಅಂತ ಕರೆಯೋಕೆ ಬಾಯಿ ಬರಲ್ಲ. ಸ್ಯಾನ್ ಆಂಟೋನಿಯೋದ ಫೋರ್ಟ್ ಸ್ಯಾಮ್ ಹೂಸ್ಟನ್‌ನ ಚಾಪೆಲ್ ಒಂದ್ರಲ್ಲಿ 63 ಜನರನ್ನ ಒಟ್ಟಿಗೆ ಕೂರಿಸಿ ಕೋರ್ಟ್ ಮಾರ್ಷಲ್ (ಸೈನ್ಯದ್ದೇ ಕೋರ್ಟಿನ ವಿಚಾರಣೆ) ಮಾಡಿದ್ರು. ಅಷ್ಟೂ ಜನರ ಪರವಾಗಿ ಒಬ್ಬನೇ ಒಬ್ಬ, ಮೇಜರ್ ಹ್ಯಾರಿ ಗ್ರಿಯರ್, ಅವರು ವಕೀಲರೂ ಅಲ್ಲ. ಅದು ಕತ್ತಲ ರಾತ್ರಿ, ಇಂಥವನೇ ಗುಂಡು ಹೊಡೆದ ಅಂತ ಗುರುತಿಸೋಕೆ ಊರಿನ ಸಾಕ್ಷಿಗಳಿಗೆ ಆಗ್ಲಿಲ್ಲ, ಶಿಕ್ಷೆ ತಪ್ಪಿಸ್ತೀವಿ ಅಂತ ಮಾತು ಪಡೆದ ಕೆಲವು ಸೈನಿಕರು ಹೇಳಿದ ಹೆಸರುಗಳ ಮೇಲೆ ಕೇಸು ನಿಂತಿತ್ತು. 13 ಜನರಿಗೆ ಗಲ್ಲು ಅಂತ ತೀರ್ಮಾನ ಆಯ್ತು. ಅಪೀಲಿಗೆ ಅವಕಾಶ ಇಲ್ಲ, ವಾಷಿಂಗ್ಟನ್‌ಗೆ ಕಳಿಸಿ ಪರಿಶೀಲನೆ ಮಾಡ್ಸಿದ್ದೂ ಇಲ್ಲ. ಸಲಾಡೊ ಹಳ್ಳದ ದಂಡೆಯಲ್ಲಿ ರಾತ್ರಿ ಬೆಂಕಿ ಬೆಳಕಿನಲ್ಲಿ ಗಲ್ಲುಗಂಬ ಕಟ್ಟಿದ್ರು, 1917ರ ಡಿಸೆಂಬರ್ 11ರ ಬೆಳಿಗ್ಗೆ ಸೂರ್ಯ ಹುಟ್ಟೋಕೆ ಮುಂಚೆ ಹದಿಮೂರೂ ಜನರನ್ನ ಒಟ್ಟಿಗೆ ನೇಣಿಗೆ ಹಾಕಿ, ಕಂಬ ಬಿಚ್ಚಿ, ಆಮೇಲೆ ದೇಶಕ್ಕೆ ಸುದ್ದಿ ಹೇಳಿದ್ರು. ಅವರಲ್ಲಿ ಟಿ.ಸಿ. ಹಾಕಿನ್ಸ್ ಅನ್ನೋ ಹುಡುಗ ಹಿಂದಿನ ರಾತ್ರಿ ಅಮ್ಮನಿಗೆ ಕಾಗದ ಬರೆದಿದ್ದ, ನಾನು ತಪ್ಪು ಮಾಡಿಲ್ಲ ಆದ್ರೂ ಇದು ದೇವರ ಇಚ್ಛೆ, ನೀನು ದುಃಖ ಪಡಬೇಡ ಅಂತ. ಮನೆಯವರು ಆ ಕಾಗದವನ್ನ ತಲೆಮಾರುಗಟ್ಟಲೆ ಜೋಪಾನ ಮಾಡಿದ್ರು.

ಮೂರು ಕೋರ್ಟ್ ಮಾರ್ಷಲ್ ಸೇರಿ 110 ಜನಕ್ಕೆ ಶಿಕ್ಷೆ ಆಯ್ತು, ಒಟ್ಟು 19 ಜನ ನೇಣಿಗೆ. ಒಬ್ಬ ಬಿಳಿ ಅಧಿಕಾರಿಗೂ, ಒಬ್ಬ ಪೊಲೀಸನಿಗೂ ಶಿಕ್ಷೆ ಇಲ್ಲ. ದೇಶದಲ್ಲಿ ಎಷ್ಟು ಗಲಾಟೆ ಆಯ್ತು ಅಂದ್ರೆ, ಮರಣದಂಡನೆ ಜಾರಿ ಮಾಡೋ ಮುಂಚೆ ಮೇಲಿನ ಪರಿಶೀಲನೆ ಆಗ್ಲೇಬೇಕು ಅಂತ ಸೈನ್ಯ ನಿಯಮ ತಂತು. ಇವತ್ತು ಯಾವುದೇ ಅಮೆರಿಕನ್ ಸೈನಿಕನಿಗೆ ಸಿಗೋ ಅಪೀಲಿನ ಹಕ್ಕಿನ ಬೇರು ಅಲ್ಲಿದೆ. ಹೂಸ್ಟನ್‌ನ ಒಂದು ಲಾ ಕಾಲೇಜಿನವರು ಅರ್ಜಿ ಹಾಕಿ, ದಾಖಲೆ ಕೆದಕಿ, ಹಿಂದೆ ಬಿದ್ದ ಮೇಲೆ 2023ರ ನವೆಂಬರ್ 13ಕ್ಕೆ ಸೈನ್ಯ 110 ಶಿಕ್ಷೆಗಳನ್ನೂ ರದ್ದು ಮಾಡ್ತು, ಎಲ್ಲರ ಸೇವೆಯನ್ನ ಗೌರವಯುತ ಅಂತ ಬರೀತು. ಆ ರಾತ್ರಿ ಯಾರೂ ಯಾರನ್ನೂ ಕೊಲ್ಲಲಿಲ್ಲ ಅಂತ ಅದರ ಅರ್ಥ ಅಲ್ಲ. ಇಂಥವನೇ ಕೊಂದ ಅಂತ ನ್ಯಾಯವಾಗಿ ಸಾಬೀತು ಮಾಡದೆ ಕೊರಳಿಗೆ ಹಗ್ಗ ಹಾಕಿದ್ದು ತಪ್ಪು ಅಂತ ಅರ್ಥ. ಈ ವ್ಯತ್ಯಾಸ ಬಿಟ್ಟು ಮಾತಾಡೋರು ಎರಡೂ ಕಡೆ ಇದ್ದಾರೆ.

ಇಷ್ಟೆಲ್ಲ ತಿದ್ದಿದ ಮೇಲೆ 2025 ಬಂತು. ಮಾರ್ಚ್‌ನಲ್ಲಿ ಆರ್ಲಿಂಗ್ಟನ್ ಸ್ಮಶಾನದ ವೆಬ್‌ಸೈಟಿನಿಂದ ಕಪ್ಪು ಸೈನಿಕರ ಸಮಾಧಿಗಳ ಮಾಹಿತಿಗೆ ಹೋಗೋ ಲಿಂಕ್‌ಗಳು ಮಾಯ ಆದ್ವು. ವಿಯೆಟ್ನಾಂನಲ್ಲಿ ಮೆಡಲ್ ಆಫ್ ಆನರ್ ಪಡೆದ ಜನರಲ್ ಚಾರ್ಲ್ಸ್ ರಾಜರ್ಸ್ ಬಗ್ಗೆ ರಕ್ಷಣಾ ಇಲಾಖೆಯ ಪುಟವನ್ನೇ ತೆಗೆದಿದ್ರು, ಜನ ಸಿಟ್ಟಾದ ಮೇಲೆ ವಾಪಸ್ ಹಾಕಿದ್ರು. ಜಾನ್ಸನ್ ಹೆಸರಿನ ಬೋರ್ಡು ಇಳಿದಿದ್ದೂ ಅದೇ ವರ್ಷ. ಮಂತ್ರಿಯ ಒಂದು ಆದೇಶದಲ್ಲಿ ಬಂದ ಗೌರವ ಇನ್ನೊಂದು ಆದೇಶದಲ್ಲಿ ಹೋಗುತ್ತೆ. ಸೈನ್ಯದ ದಾಖಲೆ ತಿದ್ದೋ ಮಂಡಳಿ ಮುಂದೆ ಸಾಕ್ಷಿ ಇಟ್ಟು, ವಾದ ಮಾಡಿ, ದಾಖಲೆಯನ್ನೇ ತಿದ್ದಿಸಿದ್ದನ್ನ ಅಷ್ಟು ಸುಲಭವಾಗಿ ಅಳಿಸೋಕೆ ಆಗಲ್ಲ, ಹಾಗಾಗಿ ಹೂಸ್ಟನ್ ಥರದ ಕೆಲಸ ನನಗೆ ಬೇಸಿನ ಹೆಸರಿಗಿಂತ ದೊಡ್ಡದಾಗಿ ಕಾಣುತ್ತೆ.

ನೇಣಿಗೆ ಹಾಕಿದ ದಿನ ಆ ಹದಿಮೂರು ಜನರನ್ನ ಹಳ್ಳದ ಪಕ್ಕದಲ್ಲೇ ಹೂತಿದ್ರು, ಗುರುತಿಗೆ ಬರೀ ನಂಬರ್. ಒಬ್ಬೊಬ್ಬರ ಜೊತೆಗೂ ಒಂದು ಖಾಲಿ ಸೋಡಾ ಬಾಟಲಿ ಇಟ್ಟಿದ್ರು, ಒಳಗೆ ಹೆಸರು ಬರೆದ ಚೀಟಿ. 1937ರಲ್ಲಿ ಅಲ್ಲಿಂದ ತೆಗೆದು ಫೋರ್ಟ್ ಸ್ಯಾಮ್ ಹೂಸ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ತಂದ್ರು, ಅಲ್ಲಿ ಸುತ್ತಮುತ್ತ ಇರೋ ಸೈನಿಕರ ಕಲ್ಲಿನ ಮೇಲೆಲ್ಲ ರ್‍ಯಾಂಕು, ರೆಜಿಮೆಂಟು, ಊರಿನ ರಾಜ್ಯ ಎಲ್ಲಾ ಇದ್ರೆ ಇವರ ಕಲ್ಲಿನ ಮೇಲೆ ಹೆಸರು ಮತ್ತೆ ಸತ್ತ ತಾರೀಕು ಅಷ್ಟೇ ಇತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿರೋ 17 ಜನರ ಹಳೇ ಕಲ್ಲು ತೆಗೆದು ಹೊಸದು ನೆಟ್ರು. ಅದ್ರಲ್ಲಿ ರ್‍ಯಾಂಕು ಇದೆ, 24ನೇ ಇನ್‌ಫೆಂಟ್ರಿ ಅಂತ ಇದೆ, ಯಾವ ರಾಜ್ಯದಿಂದ ಬಂದ ಹುಡುಗ ಅಂತಲೂ ಇದೆ.